ಕೇಳಿದ್ದು ನೀರು, ಬಂದದ್ದು ಸಿಸಿ ರಸ್ತೆ

ಪ್ರಶ್ನೆ: ನಮ್ಮದು ಯಾದಗಿರಿ ಜಿಲ್ಲೆಯ ಒಂದು ತಾಂಡಾ. ನಾವು ಕೇಳಿದ್ದು ಕುಡಿಯುವ ನೀರು, ಆಗಿದ್ದು ಸಿಸಿ ರಸ್ತೆ. ಸರ್ಕಾರ ಜನರ ಇಷ್ಟದಂತೆ ಖರ್ಚು ಮಾಡುತ್ತದೆ ಅನ್ನೋದು ನಿಜಾನಾ?

ಉತ್ತರ: ಪೂರ್ತಿ ನಿಜವಲ್ಲ. ವೋಟು ಹಾಕಿ ನಾವು ಆರಿಸುವುದು ಶಾಸಕರನ್ನು, ಖರ್ಚಿನ ಪಟ್ಟಿಯನ್ನಲ್ಲ. ಬಜೆಟ್ಟಿಗೆ ವಿಧಾನಸಭೆಯ ಒಪ್ಪಿಗೆ ಬೇಕು, ಸರಿ. ಆದರೆ ಸಾಲದ ಬಡ್ಡಿಯಂಥ ಖರ್ಚನ್ನು ಅಲ್ಲೂ ಮತಕ್ಕೆ ಹಾಕುವಂತಿಲ್ಲ. ಸಂವಿಧಾನವೇ ಹಾಗೆ ಹೇಳಿದೆ.

ಜನರ ಕೂಗು ಮುಟ್ಟಿದ್ದೂ ಉಂಟು. ವರ್ಷಗಟ್ಟಲೆ ಹೋರಾಡಿದ್ದಕ್ಕೇ ನಮ್ಮ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371 (ಜೆ) ವಿಧಿ ಸಿಕ್ಕಿತು, 2013ರಲ್ಲಿ ಕಲಬುರಗಿಗೆ ಅಭಿವೃದ್ಧಿ ಮಂಡಳಿ ಬಂತು. ಮಂಡಳಿಯ ಹಣವನ್ನು ತಾಲ್ಲೂಕುಗಳಿಗೆ ಹಂಚಲು ಯಾವ ತಾಲ್ಲೂಕು ಎಷ್ಟು ಹಿಂದುಳಿದಿದೆ ಎಂದು ಅಳೆದ 2002ರ ನಂಜುಂಡಪ್ಪ ವರದಿಯ ಲೆಕ್ಕವೇ ಆಧಾರ. ತೀರಾ ಹಿಂದುಳಿದವು ಎಂದು ಆ ವರದಿ ಗುರುತಿಸಿದ 39 ತಾಲ್ಲೂಕುಗಳಲ್ಲಿ 21 ನಮ್ಮ ಕಲಬುರಗಿ ವಿಭಾಗದವು. ಯಾರ ದನಿ ಜೋರೋ ಅವರಿಗೆ ಹಣ ಅನ್ನುವುದಕ್ಕಿಂತ ಈ ಲೆಕ್ಕ ನ್ಯಾಯವಾದದ್ದು ಎಂದೇ ನಾನು ನಂಬಿದ್ದೇನೆ. ಆದರೆ ತಾಲ್ಲೂಕಿಗೆ ಬಂದ ಹಣ ಯಾವ ಓಣಿಗೆ ಅನ್ನುವಲ್ಲಿ ಶಾಸಕರ ಮಾತೇ ಜಾಸ್ತಿ ನಡೆಯುತ್ತದೆ.

ನಿಮ್ಮ ಮಾತು ನೇರವಾಗಿ ಬರಹಕ್ಕೆ ಇಳಿಯುವ ಜಾಗ ಒಂದೇ: ಗ್ರಾಮಸಭೆ. ಆರು ತಿಂಗಳಿಗೊಮ್ಮೆಯಾದರೂ ಅದು ನಡೆಯಲೇಬೇಕು. ಮತದಾರರಲ್ಲಿ ಹತ್ತರಲ್ಲಿ ಒಂದು ಪಾಲು ಅಥವಾ 100 ಜನ, ಯಾವುದು ಕಡಿಮೆಯೋ ಅಷ್ಟು ಮಂದಿ ಸೇರಬೇಕು. ಅದಕ್ಕೂ ಮೊದಲು ವಾರ್ಡ್ ಸಭೆ ಆಗಬೇಕು. ತಾಂಡಾದ ಬೇಡಿಕೆ ಪಟ್ಟಿಗೆ ಸೇರುವುದು ಅಲ್ಲಿಂದಲೇ.

ಇನ್ನು ನೀರಿನ ವಿಷಯ. 15ನೇ ಹಣಕಾಸು ಆಯೋಗ 2021ರಿಂದ ಐದು ವರ್ಷ ಪಂಚಾಯಿತಿಗಳಿಗೆ ಕೊಟ್ಟ ಹಣದಲ್ಲಿ ಶೇ 60ರಷ್ಟು ಕುಡಿಯುವ ನೀರು, ನೈರ್ಮಲ್ಯಕ್ಕೇ ಮೀಸಲಾಗಿತ್ತು. ಅದರಲ್ಲಿ ರಸ್ತೆ ಮಾಡುವಂತಿರಲಿಲ್ಲ. ಹಾಗಾಗಿ "ರಸ್ತೆ ಯಾಕೆ ಮಾಡಿದಿರಿ" ಎಂದು ಕೇಳಿ ಸುಮ್ನೆ ಬರಬೇಡಿ. "ನೀರಿನ ಪಾಲು ಎಲ್ಲಿ ಖರ್ಚಾಯಿತು, ಠರಾವು ತೋರಿಸಿ" ಎಂದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರನ್ನು ಕೇಳಿ. ತೋರಿಸದಿದ್ದರೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. 30 ದಿನದೊಳಗೆ ಉತ್ತರ ಕೊಡಬೇಕು.

ನನಗೆ ತುಂಬಾ ನೋವಾಗುವುದು ಬೇರೆ ಸಂಗತಿಗೆ. ನೀರು, ಕೆಲಸ ಎಲ್ಲರಿಗಿಂತ ಜಾಸ್ತಿ ಬೇಕಾದವರೇ ಬೆಂಗಳೂರು, ಪುಣೆ, ಮುಂಬೈಗೆ ಗುಳೆ ಹೋಗಿರುತ್ತಾರೆ. ಸಭೆಯಲ್ಲಿ ಅವರ ದನಿಯೇ ಇರುವುದಿಲ್ಲ. ಜಾತ್ರೆಗೋ ಹಬ್ಬಕ್ಕೋ ಅವರು ಊರಿಗೆ ಬರುತ್ತಾರೆ ಅಲ್ವಾ? ಆ ವಾರದಲ್ಲೇ ವಾರ್ಡ್ ಸಭೆ ಇಡಿ ಎಂದು ನಿಮ್ಮ ಪಂಚಾಯಿತಿಗೆ ಈಗಲೇ ಬರೆದು ಕೊಡಿ. ಅರ್ಜಿ ತಲುಪಿದ್ದಕ್ಕೆ ಸಹಿ ಹಾಕಿಸಿಕೊಳ್ಳುವುದನ್ನು ಮರೆಯಬೇಡಿ.