ತನಬತ: ಅಗಲಿಕೆಯ ಕಥೆ ಮಕ್ಕಳ ಬ್ಯಾಲೆಗೆ ಒಗ್ಗುತ್ತದೆಯೇ?

ಓದುಗರ ಪ್ರಶ್ನೆ: ಮಗಳು ಬ್ಯಾಲೆ ಕಲಿಯುತ್ತಿದ್ದಾಳೆ. ಈ ಸಲ ಅವರ ತರಗತಿಯವರು ಜಪಾನಿನ ತನಬತ ಕಥೆಯನ್ನು ಆಡಿಸುತ್ತಾರಂತೆ. ಓದಿ ನೋಡಿದರೆ ಅದು ಗಂಡ ಹೆಂಡತಿ ಅಗಲಿ, ವರ್ಷಕ್ಕೊಮ್ಮೆ ಮಾತ್ರ ಸೇರುವ ಕಥೆ. ಏಳೆಂಟು ವರ್ಷದ ಮಕ್ಕಳಿಗೆ ಇಂಥದ್ದೇ ಯಾಕೆ? ಅವರು ಅದರಲ್ಲಿ ಮಾಡುವುದಾದರೂ ಏನು?

ಉತ್ತರ:

ಪ್ರೇಮಿಗಳ ಕಡೆಯಿಂದ ನೋಡಿದರೆ ಇದು ದೊಡ್ಡವರ ಕಥೆಯೇ, ಸರಿ. ಆದರೆ ಕಥೆ ನಿಂತಿರುವುದು ಒಂದು ಸೇತುವೆಯ ಮೇಲೆ, ಆ ಸೇತುವೆಯನ್ನು ಕಟ್ಟುವುದು ಹಕ್ಕಿಗಳ ಒಂದು ಹಿಂಡು. ರಂಗದ ಮೇಲೆ ಆ ಹಿಂಡು ನಿಮ್ಮ ಮಗಳು ಮತ್ತು ಅವಳ ಗೆಳತಿಯರು. ಅದಕ್ಕೇ ಮಕ್ಕಳ ಬ್ಯಾಲೆಗೆ ಇಷ್ಟು ಚೆನ್ನಾಗಿ ಹೊಂದುವ ಕಥೆಗಳು ಕಡಿಮೆ ಎಂದೇ ನಾನು ಹೇಳುತ್ತೇನೆ.

ಕಥೆ ಹೀಗಿದೆ. ಆಕಾಶದ ದೊರೆ ತೆಂತೇಯ ಮಗಳು ಒರಿಹಿಮೆ. ಅಮನೊಗವಾ ಎಂಬ ಆಕಾಶದ ಹೊಳೆಯ ದಂಡೆಯಲ್ಲಿ ಮಗ್ಗದ ಮುಂದೆ ಕೂತು ಬಟ್ಟೆ ನೇಯುವುದು ಅವಳ ಕೆಲಸ. ಹೊತ್ತು ಹೊತ್ತಿಗೂ ನೇಯ್ಗೆಯೇ ಆಗಿ ಮಗಳು ಒಂಟಿಯಾಗಿ ಸೊರಗುವುದನ್ನು ನೋಡಲಾರದೆ ತಂದೆ ಅವಳನ್ನು ಆಚೆ ದಡದ ದನ ಕಾಯುವ ಹಿಕೊಬೊಶಿಗೆ ಕೊಟ್ಟು ಮದುವೆ ಮಾಡಿದ. ಮದುವೆಯ ಸಂಭ್ರಮದಲ್ಲಿ ಇಬ್ಬರೂ ಕೆಲಸ ಮರೆತರು. ಮಗ್ಗ ನಿಂತಿತು, ದನಗಳು ಆಕಾಶದ ತುಂಬ ದಿಕ್ಕಾಪಾಲಾದವು. ಸಿಟ್ಟಾದ ತೆಂತೇ ಇಬ್ಬರನ್ನೂ ಹೊಳೆಯ ಎರಡು ದಡಕ್ಕೆ ಬೇರೆ ಮಾಡಿದ. ಮಗಳ ಕಣ್ಣೀರಿಗೆ ಕರಗಿ ಒಂದು ದಾರಿ ಬಿಟ್ಟ: ಮನಸ್ಸಿಟ್ಟು ಕೆಲಸ ಮಾಡಿದರೆ ಏಳನೇ ತಿಂಗಳ ಏಳನೇ ದಿನ ಭೇಟಿಯಾಗಬಹುದು. ಆ ದಿನ ಬಂತು, ಹೊಳೆಗೆ ಸೇತುವೆ ಇಲ್ಲ. ಆಗ ಕಸಸಗಿ ಹಕ್ಕಿಗಳು ಹಾರಿ ಬಂದು ರೆಕ್ಕೆಗೆ ರೆಕ್ಕೆ ಜೋಡಿಸಿ ಸೇತುವೆಯಾದವು. ಕಾಗೆಯ ಕುಟುಂಬಕ್ಕೆ ಸೇರಿದ, ಕಪ್ಪು ಬಿಳಿ ಮೈಯ ಈ ಹಕ್ಕಿ ಜಪಾನಿನಲ್ಲಿ ಹೆಚ್ಚಾಗಿ ಇರುವುದು ಕ್ಯೂಶೂ ದ್ವೀಪದಲ್ಲಿ. ಅಲ್ಲಿನ ಸಾಗಾ ಪ್ರಾಂತ್ಯ ಅದನ್ನೇ ತನ್ನ ಹಕ್ಕಿ ಎಂದು ಆರಿಸಿಕೊಂಡಿದೆ.

ಒರಿಹಿಮೆ, ಹಿಕೊಬೊಶಿ ಇಬ್ಬರೂ ನಕ್ಷತ್ರಗಳು, ನಮಗೂ ಹೊಸಬರಲ್ಲ. ಅವಳು ಅಭಿಜಿತ್, ಅವನು ಶ್ರವಣ. ನಡುವಿನ ಹೊಳೆ ಆಕಾಶಗಂಗೆ. ಮಳೆಗಾಲ ಕಳೆದು ಅಕ್ಟೋಬರ್ ಸಂಜೆಗಳಲ್ಲಿ ಮೋಡ ಸರಿದಾಗ ಕರ್ನಾಟಕದಿಂದಲೂ ಎರಡನ್ನೂ ಮಗಳಿಗೆ ತೋರಿಸಬಹುದು. ಅಭಿಜಿತ್ ನಮ್ಮಿಂದ ಸುಮಾರು 25 ಜ್ಯೋತಿರ್ವರ್ಷ ದೂರ, ಶ್ರವಣ ಸುಮಾರು 17.

ತನಬತ ಜಪಾನಿನಲ್ಲಿ ಒಂದು ಹಬ್ಬವೂ ಹೌದು. ಆ ಹಬ್ಬ ಪ್ರೇಮಿಗಳಿಗಿಂತ ಮಕ್ಕಳಿಗೇ ಹತ್ತಿರವಾಗಿ ಬೆಳೆದದ್ದಕ್ಕೆ ಅದರ ಚರಿತ್ರೆಯಲ್ಲೇ ಕಾರಣ ಇದೆ. ಕಥೆ ಚೀನಾದಿಂದ ಬಂದದ್ದು. ಅದರ ಜೊತೆಗೆ ಒಂದು ಆಚರಣೆಯೂ ಬಂತು: ಆ ರಾತ್ರಿ ನೇಯ್ಗೆಯ ನಕ್ಷತ್ರಕ್ಕೆ ಕಾಣಿಕೆ ಇಟ್ಟು ಕೈಗೆ ಕುಶಲತೆ ಬರಲಿ ಎಂದು ಬೇಡುವುದು. ಎಂಟನೇ ಶತಮಾನದ ಹೊತ್ತಿಗೆ ಜಪಾನಿನ ಅರಮನೆಯಲ್ಲಿ ಹೆಂಗಸರು ಹೊಲಿಗೆ ನೇಯ್ಗೆಗಾಗಿ ಹೀಗೆ ಬೇಡುತ್ತಿದ್ದರು. ಮುಂದೆ ಎದೋ ಕಾಲದಲ್ಲಿ, ಅಂದರೆ ಹದಿನೇಳರಿಂದ ಹತ್ತೊಂಬತ್ತನೇ ಶತಮಾನದ ನಡುವೆ, ಹಬ್ಬ ಸಾಮಾನ್ಯರ ಮನೆಗೆ, ಅಕ್ಷರ ಕಲಿಸುವ ಊರ ಶಾಲೆಗಳಿಗೆ ಇಳಿಯಿತು. ಕೆಸುವಿನ ಎಲೆಯ ಮೇಲಿನ ಬೆಳಗಿನ ಇಬ್ಬನಿಯನ್ನು ಕೂಡಿಸಿ, ಅದರಲ್ಲಿ ಮಸಿ ತೇಯ್ದು, ಬರವಣಿಗೆ ಚೆನ್ನಾಗಲಿ ಎಂದು ಮಕ್ಕಳು ಕಾಗದದ ಪಟ್ಟಿಗಳ ಮೇಲೆ ಬರೆದು ಬಿದಿರಿನ ಕೊಂಬೆಗೆ ಕಟ್ಟುತ್ತಿದ್ದರು. ಆ ಪಟ್ಟಿಗಳೇ ತಂಜಕು. ಇಂದಿಗೂ ಜಪಾನಿನ ಶಿಶುವಿಹಾರಗಳಲ್ಲಿ, ಅಂಗಡಿ ಬೀದಿಗಳಲ್ಲಿ ಐದು ಬಣ್ಣದ ತಂಜಕುಗಳು ಬಿದಿರಿಗೆ ತೂಗುತ್ತವೆ, ಮಕ್ಕಳು ತಮಗೆ ಬೇಕಾದ್ದನ್ನೆಲ್ಲ ಬರೆಯುತ್ತಾರೆ. ಅಭ್ಯಾಸ ಮಾಡಿ ಮಾಡಿ ಕೈ ಪಳಗಲಿ ಎಂದು ಬೇಡುವ ಹಬ್ಬ, ದಿನವೂ ಗೋಡೆಯ ಬದಿಯ ಸರಳು ಹಿಡಿದು ಪ್ಲಿಯೆ, ಅಂದರೆ ಮಂಡಿ ಬಾಗಿಸುವ ಅಭ್ಯಾಸ, ಮಾಡುವ ಬ್ಯಾಲೆ ಮಕ್ಕಳ ಹಬ್ಬವೂ ಆಗುವುದು ಸಹಜ ಎಂದು ನನಗನಿಸುತ್ತದೆ.

ಇನ್ನು ಮಕ್ಕಳು ಮಾಡುವುದೇನು ಎಂಬ ನಿಮ್ಮ ಪ್ರಶ್ನೆಯ ಎರಡನೇ ಭಾಗ. ಸಾಮಾನ್ಯವಾಗಿ ಬ್ಯಾಲೆಯ ಗುಂಪು, ಅಂದರೆ ಕೋರ್ ದ ಬ್ಯಾಲೆ, ನಾಯಕ ನಾಯಕಿಯ ಹಿಂದೆ ಸಾಲಾಗಿ ನಿಲ್ಲುತ್ತದೆ. ಈ ಕಥೆಯಲ್ಲಿ ಗುಂಪು ಇಲ್ಲದೆ ಕಥೆಯೇ ಮುಗಿಯುವುದಿಲ್ಲ. ಹೊಳೆ ಬೇಕು: ಉದ್ದನೆಯ ನೀಲಿ ಬಟ್ಟೆಯನ್ನು ಎರಡು ಕಡೆ ಹಿಡಿದು, ಕಾಲ್ಬೆರಳ ಬುಡದ ಮೇಲೆ ಪುಟ್ಟ ಪುಟ್ಟ ಹೆಜ್ಜೆ ಇಡುತ್ತ ಸರಿಯುವ ಬುರೆ ಕಲಿತ ಮಕ್ಕಳಿಗೆ ಹೊಳೆಯಾಗುವುದು ಕಷ್ಟವಲ್ಲ. ಮಿನುಗುವ ನಕ್ಷತ್ರಗಳು ಬೇಕು, ತಪ್ಪಿಸಿಕೊಂಡ ದನಗಳು ಬೇಕು. ದನಗಳ ಪಾತ್ರ ಅತಿ ಚಿಕ್ಕವರಿಗೆ. ಅಲ್ಲಿ ಸ್ಕಿಪ್, ಗ್ಯಾಲಪ್ ಬಂದರೆ ಸಾಕು, ಸಾಲು ತಪ್ಪಿದರೂ ಕಥೆಗೆ ಹೊಂದಿಯೇ ಹೊಂದುತ್ತದೆ.

ನೇಯ್ಗೆಯನ್ನು ತೋರಿಸುವುದು ಹೇಗೆ? ಬ್ಯಾಲೆಗೆ ತನ್ನದೇ ಸನ್ನೆಭಾಷೆ ಇದೆ. ಎದೆಯ ಮೇಲೆ ಕೈ ಇಟ್ಟರೆ ಪ್ರೀತಿ, ಉಂಗುರದ ಬೆರಳು ತೋರಿಸಿದರೆ ಮದುವೆ, ತಲೆಯ ಮೇಲೆ ಕೈಗಳನ್ನು ಒಂದರ ಸುತ್ತ ಒಂದು ತಿರುಗಿಸಿದರೆ ಕುಣಿತ. ನೇಯ್ಗೆಗೆ ಮಾತ್ರ ಅಂಥ ಸಿದ್ಧ ಸನ್ನೆ ಇಲ್ಲ, ಹಾಗಾಗಿ ಅದನ್ನು ಚಲನೆಯಿಂದಲೇ ಕಟ್ಟಬೇಕು. ರಿಬ್ಬನ್ ಹಿಡಿದ ಮಕ್ಕಳ ಎರಡು ಸಾಲು ಎದುರೆದುರು ಬಂದು, ಒಬ್ಬರ ಕೆಳಗೆ ಇನ್ನೊಬ್ಬರು ನುಸುಳಿ ದಾಟಿದರೆ ಹಾಸು ಹೊಕ್ಕು ಎರಡೂ ಕಣ್ಣ ಮುಂದೆ ಮೂಡುತ್ತವೆ. ರಿಬ್ಬನ್ ಬ್ಯಾಲೆಗೆ ಹೊಸದಲ್ಲ. ಫ್ರೆಡರಿಕ್ ಆಶ್ಟನ್ 1960ರಲ್ಲಿ ಲಂಡನ್ನಿನಲ್ಲಿ ಸಂಯೋಜಿಸಿದ 'ಲಾ ಫೀಯ್ ಮಾಲ್ ಗಾರ್ದೆ'ಯಲ್ಲಿ ಪ್ರೇಮಿಗಳು ಒಂದು ಗುಲಾಬಿ ರಿಬ್ಬನ್ನಿನಲ್ಲೇ ತಮ್ಮ ಸಲಿಗೆಯನ್ನೆಲ್ಲ ಹೇಳುತ್ತಾರೆ. ಮಕ್ಕಳ ತನಬತದಲ್ಲಿ ಒರಿಹಿಮೆ, ಹಿಕೊಬೊಶಿಗೂ ಇದೇ ದಾರಿ ಒಳ್ಳೆಯದು: ದೊಡ್ಡವರ ಹಾಗೆ ಎತ್ತಿ ಹಿಡಿಯುವ, ಅಪ್ಪಿಕೊಳ್ಳುವ ಜೋಡಿ ನೃತ್ಯ ಬೇಡ, ಒಂದು ನೂಲಿನ ಎರಡು ತುದಿ ಹಿಡಿದು ಕುಣಿದರೆ ಸಾಕು. ಹಬ್ಬದಲ್ಲೂ ಈ ನೂಲು ಇದೆ. ಸೆಂದಾಯ್ ನಗರದಲ್ಲಿ ಆಗಸ್ಟ್ 6ರಿಂದ 8ರವರೆಗೆ ನಡೆಯುವ ದೊಡ್ಡ ತನಬತದಲ್ಲಿ ಬೀದಿಯುದ್ದಕ್ಕೂ ಕಾಗದದ ಉದ್ದುದ್ದ ಪಟ್ಟಿಗಳನ್ನು ಇಳಿಬಿಡುತ್ತಾರೆ. ಫುಕಿನಗಶಿ ಎಂಬ ಆ ಪಟ್ಟಿಗಳು ಒರಿಹಿಮೆಯ ನೂಲಿನ ಎಳೆಗಳೇ.

ಸೇತುವೆಯ ದೃಶ್ಯವೇ ಇಡೀ ಬ್ಯಾಲೆಯ ಜೀವ. ಒಬ್ಬೊಬ್ಬ ಹಕ್ಕಿಯೂ ಓಡಿ ಬಂದು, ಒಂಟಿ ಕಾಲಲ್ಲಿ ನಿಂತು ಇನ್ನೊಂದನ್ನು ಹಿಂದಕ್ಕೆ ಚಾಚುವ ಅರಬೆಸ್ಕ್ ಭಂಗಿ ಹಿಡಿದು, ಮಂಡಿಯೂರಿ ತೋಳು ಚಾಚಿ ಪಕ್ಕದವರ ತೋಳಿಗೆ ಸೇರಿಸುತ್ತದೆ. ಕೊನೆಯ ಹಕ್ಕಿ ಬರುವವರೆಗೂ ನಡುವೆ ಒಂದು ತೆರಪು ಉಳಿದೇ ಇರುತ್ತದೆ. ಗುಂಪಿನ ಪಾತ್ರದ ಬೆಲೆಯನ್ನು ಮಗುವಿಗೆ ಇಷ್ಟು ನೇರವಾಗಿ ತಿಳಿಸುವ ದೃಶ್ಯ ಸಿಗುವುದು ಅಪರೂಪ. ಇದಕ್ಕೆಲ್ಲ ಮೆತ್ತನೆಯ ಬ್ಯಾಲೆ ಶೂ ಸಾಕು. ಬೆರಳ ತುದಿಯ ಮೇಲೆ ನಿಲ್ಲುವ ಪಾಯಿಂಟ್ ಶೂಗಳನ್ನು ಸಾಮಾನ್ಯವಾಗಿ ಹನ್ನೊಂದು ಹನ್ನೆರಡು ವರ್ಷಕ್ಕೆ ಮೊದಲು ಕೊಡುವುದಿಲ್ಲ, ಪಾದದ ಎಲುಬು ಇನ್ನೂ ಗಟ್ಟಿಯಾಗುತ್ತಿರುತ್ತದೆ. ಏಳೆಂಟು ವರ್ಷದ ಮಗುವಿಗೆ ಯಾರಾದರೂ ಅದನ್ನು ಹಾಕಿಸಲು ಬಂದರೆ ಬೇಡ ಎನ್ನಿ.

ಜನಪದ ಕಥೆಯನ್ನು ಮಕ್ಕಳ ಬ್ಯಾಲೆಗೆ ತರುವುದು ಜಪಾನಿನ ದೊಡ್ಡ ರಂಗದಲ್ಲೂ ನಡೆದಿದೆ. ಟೋಕಿಯೋದ ಹೊಸ ರಾಷ್ಟ್ರೀಯ ರಂಗಮಂದಿರದ ಬ್ಯಾಲೆ ತಂಡ 2020ರ ಜುಲೈನಲ್ಲಿ ಮಕ್ಕಳಿಗಾಗಿ 'ರ್‍ಯೂಗು' ಆಡಿತು, ಸಂಯೋಜನೆ ಕೈಜಿ ಮೊರಿಯಾಮ ಅವರದು. ಆಮೆಯನ್ನು ಕಾಪಾಡಿ ಕಡಲೊಳಗಿನ ಅರಮನೆಗೆ ಹೋಗುವ ಉರಶಿಮ ತರೋ ಕಥೆ ಅದು. ಅವನು ಮರಳುವಷ್ಟರಲ್ಲಿ ಊರಿನಲ್ಲಿ ಕಾಲ ಎಷ್ಟೋ ಮುಂದೆ ಹೋಗಿರುತ್ತದೆ. ಅಲ್ಲೂ ಅಗಲಿಕೆ ಇದೆ, ತೀರದ ನಷ್ಟ ಇದೆ. ಮಕ್ಕಳಿಗೆಂದು ಕಥೆಯ ದುಃಖವನ್ನು ಪೂರ್ತಿ ಒರೆಸಿಹಾಕಬೇಕಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ತನಬತ ಕಥೆಯ ದುಃಖ ಇರುವುದು ಮಳೆಯಲ್ಲಿ. ಅಂದು ಮಳೆ ಬಂದರೆ ಹೊಳೆ ಉಕ್ಕುತ್ತದೆ, ಹಕ್ಕಿಗಳು ಬರುವುದಿಲ್ಲ, ಇಬ್ಬರೂ ಇನ್ನೊಂದು ವರ್ಷ ಕಾಯಬೇಕು. ಜಪಾನ್ 1873ರಲ್ಲಿ ಹಳೆಯ ಪಂಚಾಂಗ ಬಿಟ್ಟು ಹೊಸ ಕ್ಯಾಲೆಂಡರಿಗೆ ಬಂದ ಮೇಲೆ ಜುಲೈ 7 ಅಲ್ಲಿನ ಬಹುಪಾಲು ಕಡೆ ಮಳೆಗಾಲದ ನಡುವೆ ಬೀಳುತ್ತದೆ. ಸೆಂದಾಯ್‌ನಂಥ ಊರುಗಳು ಹಳೆಯ ಋತುವಿಗೆ ಹತ್ತಿರ ಇರಲೆಂದು ಒಂದು ತಿಂಗಳು ತಡವಾಗಿ ಆಚರಿಸುತ್ತವೆ. ಬ್ಯಾಲೆಯಲ್ಲಿ ಮಳೆ ಬಂದು ನಿಂತ ಮೇಲೆ ಸೇತುವೆ ಕಟ್ಟಿಸಿದರೆ ಮಕ್ಕಳು ಕಾಯುವುದನ್ನೂ ಕುಣಿದು ತೋರಿಸಬಹುದು. ಮಳೆಯನ್ನು ಬಿಟ್ಟೇಬಿಡುವ ಪ್ರಯೋಗಕ್ಕಿಂತ ನನಗೆ ಅದೇ ಮೇಲು.

ನಿಮ್ಮ ಮಗಳಿಗೆ ಯಾವ ಪಾತ್ರ ಎಂದು ನೀವು ಬರೆದಿಲ್ಲ. ಹಕ್ಕಿಯಾಗಿದ್ದರೆ ಮನೆಯಲ್ಲಿ ಹೆಜ್ಜೆಗಳ ಜೊತೆಗೆ ತೋಳು ಚಾಚಿ ಅಲುಗದೆ ನಿಲ್ಲುವುದನ್ನೂ ಅಭ್ಯಾಸ ಮಾಡಿಸಿ. ಒರಿಹಿಮೆ ಸೇತುವೆ ದಾಟುವಷ್ಟು ಹೊತ್ತು ಅವಳು ಹಾಗೆಯೇ ಇರಬೇಕಾಗುತ್ತದೆ, ಪುಟ್ಟ ಭುಜಗಳಿಗೆ ಅದು ಓಡುವುದಕ್ಕಿಂತ ಕಷ್ಟದ ಕೆಲಸ.