ಮಡಿಕೇರಿಯ ಚಳಿಗೆ ವಾಟರ್ ಕೂಲರ್ ಯಾಕೆ?

ಗೇಮ್ ಆಡಲು ಹೊಸ ಕಂಪ್ಯೂಟರ್ ಜೋಡಿಸೋಣ ಅಂದಾಗ ಅಕ್ಕನ ಮಗ ಮೊದಲು ಕೇಳಿದ್ದೇ ವಾಟರ್ ಕೂಲರ್, ಅಂದರೆ ಪ್ರೊಸೆಸರ್ ಚಿಪ್ಪನ್ನು ನೀರು ತಿರುಗಿಸಿ ತಣ್ಣಗಿಡುವ ಸಾಧನ. "ಮಾವ, 360 ಎಂಎಂ ರೇಡಿಯೇಟರ್ ಇರೋದೇ ಹಾಕೋಣ. ಬೆಂಗಳೂರಲ್ಲಿ ನನ್ನ ಫ್ರೆಂಡ್ ಅದನ್ನೇ ಹಾಕಿದ್ದಾನೆ" ಅಂದ. ಹೊರಗೆ ಮೂರು ದಿನದಿಂದ ಬಿಡದ ಮಳೆ. ಇಬ್ಬರೂ ಸ್ವೆಟರ್ ಹಾಕಿಕೊಂಡು ಕೂತಿದ್ದೆವು. ಮಡಿಕೇರಿಯ ಆ ಹಳೇ ಮನೆಯಲ್ಲಿ ಇವತ್ತಿಗೂ ಸೀಲಿಂಗ್ ಫ್ಯಾನ್ ಇಲ್ಲ.

ಕೂಲರ್ ಆಮೇಲೆ, ಮೊದಲು ಬಿಸಿ ಎಲ್ಲಿ ಹುಟ್ಟುತ್ತದೆ ನೋಡು ಅಂದೆ. ತೋಟದ ಪಂಪ್‌ಸೆಟ್ ಕರೆಂಟ್ ತಿಂದು ನೀರನ್ನು ಗುಡ್ಡದ ಮೇಲಕ್ಕೆ ಎತ್ತುತ್ತದೆ. ಕಂಪ್ಯೂಟರ್ ಏನನ್ನೂ ಎತ್ತುವುದಿಲ್ಲ. ಅದು ತಿಂದ ಕರೆಂಟೆಲ್ಲ ಕೊನೆಗೆ ಬಿಸಿಯಾಗಿ ಕೋಣೆಗೇ ಬರುತ್ತದೆ. ಹಾಗಾಗಿ ಪಾರ್ಟ್ಸ್ ಆರಿಸುವುದು ಅಂದರೆ ಎಷ್ಟು ವಾಟ್ ಬಿಸಿ ಬೇಕು ಅಂತ ಆರಿಸುವುದೇ. ಎನ್‌ವಿಡಿಯಾದ ಆರ್‌ಟಿಎಕ್ಸ್ 5090 ಗ್ರಾಫಿಕ್ಸ್ ಕಾರ್ಡ್ ಒಂದೇ 575 ವಾಟ್ ಎಳೆಯುತ್ತದೆ. ಅರ್ಧ ರೂಮ್ ಹೀಟರ್ ಅನ್ನಿ. 5080 ಆದರೆ 360 ವಾಟ್. ಹುಡುಗನ ಮಾನಿಟರ್ 1440ಪಿ, ಅಂದರೆ ಚಿತ್ರದ ಎತ್ತರ 1440 ಚುಕ್ಕಿ. ಅದಕ್ಕೆ 5090 ಸುಮ್ನೆ ದುಡ್ಡು ದಂಡ. 5080 ಮತ್ತು 850 ವಾಟ್ ಪವರ್ ಸಪ್ಲೈಗೆ ಮಾತು ಮುಗಿಯಿತು.

ಪ್ರೊಸೆಸರಿನಲ್ಲಿ ವ್ಯತ್ಯಾಸ ಇನ್ನೂ ಜಾಸ್ತಿ. ಇಂಟೆಲ್ ಐ9-14900ಕೆ ಪೂರ್ತಿ ದುಡಿಸಿದರೆ 253 ವಾಟ್. ಎಎಂಡಿಯ ರೈಜನ್ 7 9800ಎಕ್ಸ್3ಡಿಗೆ ಕಾಗದದ ಮೇಲೆ 120, ಹಿಂಡಿದರೂ 160ರ ಆಸುಪಾಸು. ಆದರೂ ಗೇಮ್‌ಗಳಲ್ಲಿ ಎರಡನೆಯದೇ ಮುಂದೆ. ಕಾರಣ ಅದರ 96 ಎಂಬಿ ಎಲ್3 ಕ್ಯಾಶ್, ಅಂದರೆ ಪ್ರೊಸೆಸರಿನ ಒಳಗೇ ಇರುವ ವೇಗದ ಮೆಮೊರಿ. ಒಗ್ಗರಣೆ ಹಾಕುವಾಗ ಸಾಸಿವೆ ಡಬ್ಬಿ ಕೈಯಳತೆಯಲ್ಲಿದ್ದರೆ ಕೆಲಸ ಬೇಗ ಆಗುತ್ತದೆ, ಅಂಗಡಿಗೆ ಓಡಬೇಕಾದರೆ ಎಣ್ಣೆ ಸೀದೇ ಹೋಗುತ್ತದೆ ಅಲ್ವಾ, ಹಾಗೆ. ಹಿಂದಿನ 7800ಎಕ್ಸ್3ಡಿಯಲ್ಲಿ ಈ ಹೆಚ್ಚುವರಿ ಕ್ಯಾಶ್, ಲೆಕ್ಕ ಮಾಡುವ ಕೋರ್‌ಗಳಿರುವ ಚಿಪ್ಪಿನ ಮೇಲೆ ಕಂಬಳಿಯಂತೆ ಕೂತಿತ್ತು. 2024ರಲ್ಲಿ ಬಂದ 9800ರಲ್ಲಿ ಅದನ್ನು ಕೆಳಗೆ ಹಾಸಿದರು. ಬಿಸಿ ಹುಟ್ಟುವ ಕೋರ್ ಈಗ ಕೂಲರಿಗೆ ಹತ್ತಿರ.

ಇನ್ನು ಕೂಲರ್. ಏರ್ ಕೂಲರ್ ಅಂದರೆ ಬರೀ ಫ್ಯಾನ್ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅದರ ಜೀವ ಇರುವುದು ತಾಮ್ರದ ಕೊಳವೆಗಳಲ್ಲಿ. ಕಡಂಬುಟ್ಟು, ಅಂದರೆ ನಮ್ಮ ಕೊಡಗಿನ ಅಕ್ಕಿ ಕಡುಬು, ಬೇಯಿಸುವ ಪಾತ್ರೆ ನೆನಪಿಸಿಕೊಳ್ಳಿ. ತಳದ ನೀರು ಆವಿಯಾಗಿ ಏರುತ್ತದೆ, ಮುಚ್ಚಳಕ್ಕೆ ತಾಗಿ ಹನಿಯಾಗಿ ಕೆಳಗೆ ತೊಟ್ಟಿಕ್ಕುತ್ತದೆ. ಈ ಕೊಳವೆಯಲ್ಲೂ ಅಷ್ಟೆ. ಒಳಗೆ ಚೂರು ನೀರು ಬಿಟ್ಟು, ಗಾಳಿ ತೆಗೆದು, ಎರಡೂ ತುದಿ ಮುಚ್ಚಿರುತ್ತಾರೆ. ಗಾಳಿಯ ಒತ್ತಡ ಇಲ್ಲದ್ದರಿಂದ ನೀರು 100 ಡಿಗ್ರಿಗೆ ಕಾಯುವುದಿಲ್ಲ, 40-50ಕ್ಕೇ ಆವಿಯಾಗುತ್ತದೆ. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು 4.2 ಜೂಲ್ ಸಾಕು. ಅದೇ ಒಂದು ಗ್ರಾಂ ಆವಿಯಾಗಲು 2,200ಕ್ಕೂ ಜಾಸ್ತಿ ಬೇಕು. ಅಷ್ಟೂ ಬಿಸಿಯನ್ನು ಚಿಪ್ಪಿನಿಂದ ಹೊತ್ತು ಆವಿ ಮೇಲಿನ ತಗಡುಗಳಿಗೆ ಕೊಟ್ಟು ಬರುತ್ತದೆ. ವಾಪಸು ಬರುವ ನೀರನ್ನು, ದೀಪದ ಬತ್ತಿ ಎಣ್ಣೆ ಎಳೆದಂತೆ, ಕೊಳವೆಯ ಒಳಮೈಗೆ ಮೆತ್ತಿದ ತಾಮ್ರದ ಪುಡಿ ಎಳೆದುಕೊಳ್ಳುತ್ತದೆ. ಮೋಟರಿಲ್ಲ, ಸದ್ದಿಲ್ಲ.

ವಾಟರ್ ಕೂಲರ್ ಜೀಪಿನ ರೇಡಿಯೇಟರ್ ಇದ್ದಂತೆ. ಪಂಪು ನೀರು ತಿರುಗಿಸುತ್ತದೆ, ಆದರೆ ಕೊನೆಗೆ ಬಿಸಿ ಬಿಡುವುದು ಅದೇ ಕೋಣೆಯ ಗಾಳಿಗೆ. 253 ವಾಟಿನ ಚಿಪ್ಪಿಗೆ ಅದು ಬೇಕಾದೀತು, ನಾವು ಆರಿಸಿದ ರೈಜನ್‌ಗೆ ಬೇಡ. ಎರಡೂ ಬಗೆಯ ಕೂಲರ್ ಚಿಪ್ಪನ್ನು ಕೋಣೆಗಿಂತ ಇಷ್ಟು ಡಿಗ್ರಿ ಮೇಲೆ ಹಿಡಿದಿಡುತ್ತವೆ, ಅಷ್ಟೇ. ಕೋಣೆ 32ರ ಬದಲು 20 ಇದ್ದರೆ ಚಿಪ್ಪೂ ಸುಮಾರು 12 ಡಿಗ್ರಿ ಕೆಳಗೆ. ಇದು ಮಡಿಕೇರಿ ಪುಕ್ಕಟೆ ಕೊಡುವ ಲಾಭ. ಸಣ್ಣ ಕಡಿತವೂ ಇದೆ. 1,150 ಮೀಟರ್ ಎತ್ತರದಲ್ಲಿ ಗಾಳಿ ಮಂಗಳೂರಿಗಿಂತ ಸುಮಾರು 10 ಪರ್ಸೆಂಟ್ ತೆಳು, ಅಷ್ಟೇ ಕಡಿಮೆ ಬಿಸಿ ಹೊರುತ್ತದೆ. ಲೆಕ್ಕ ಹಾಕಿದರೆ ಕೆಲವೇ ಡಿಗ್ರಿ ನಷ್ಟ. ಇನ್ನೊಂದು ಮಾತು, ಪಂಪು ಕೆಟ್ಟರೆ ಮೈಸೂರಿಗೇ ಹೋಗಬೇಕು, 120 ಕಿಲೋಮೀಟರ್. ಫ್ಯಾನ್ ಕೆಟ್ಟರೆ ಯಾವುದಾದರೂ ಫ್ಯಾನ್ ಕಟ್ಟಿ ನಡೆಸಬಹುದು.

ಇಷ್ಟೆಲ್ಲ ಉಪದೇಶ ಮಾಡಿದವನು ಜೋಡಿಸುವಾಗ ಎಡವಿದೆ. ಗೇಮ್ ಶುರುವಾಗಿ ಎರಡೇ ನಿಮಿಷಕ್ಕೆ ಚಿಪ್ಪು 95 ಡಿಗ್ರಿ! ಅದು ಈ ಪ್ರೊಸೆಸರಿನ ಮಿತಿ, ಅಲ್ಲಿಂದಾಚೆ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಹುಡುಗ ನನ್ನ ಮುಖ ನೋಡಿದ. ಕೂಲರ್ ಬಿಚ್ಚಿದರೆ, ತಳದ ತೆಳು ಪ್ಲಾಸ್ಟಿಕ್ ಹಾಳೆಯನ್ನು ನಾನು ತೆಗೆದೇ ಇರಲಿಲ್ಲ. ಥರ್ಮಲ್ ಪೇಸ್ಟ್ ಅದರ ಮೇಲೆ ನೀಟಾಗಿ ಹರಡಿಕೊಂಡಿತ್ತು. ನುಣುಪಾಗಿ ಕಾಣುವ ಲೋಹದಲ್ಲೂ ಸಣ್ಣ ಕುಳಿಗಳಿರುತ್ತವೆ. ಅಲ್ಲಿ ಕೂರುವ ಗಾಳಿ ತಾಮ್ರಕ್ಕಿಂತ ಸುಮಾರು 15 ಸಾವಿರ ಪಟ್ಟು ಕಡಿಮೆ ಬಿಸಿ ದಾಟಿಸುತ್ತದೆ. ಆ ಕುಳಿ ತುಂಬಲಿಕ್ಕೇ ಪೇಸ್ಟ್. ನಾನು ಅದರ ದಾರಿಗೇ ಪ್ಲಾಸ್ಟಿಕ್ ಗೋಡೆ ಕಟ್ಟಿದ್ದೆ. ಕಿತ್ತೆಸೆದು, ಬಟಾಣಿ ಕಾಳಿನಷ್ಟು ಹೊಸ ಪೇಸ್ಟ್ ಹಾಕಿದ ಮೇಲೆ 62.

ನಮ್ಮ ಕಡೆ ನಿಜವಾದ ಶತ್ರು ಬಿಸಿಯಲ್ಲ, ತೇವ. ಮಳೆಗಾಲದಲ್ಲಿ 20 ಡಿಗ್ರಿ ಗಾಳಿಯ ತೇವಾಂಶ 95 ಪರ್ಸೆಂಟ್ ಇದ್ದರೆ, ಒಂದೇ ಡಿಗ್ರಿ ತಣ್ಣಗಿರುವ ಲೋಹದ ಮೇಲೂ ನೀರು ಕೂರುತ್ತದೆ. ಬೆಲ್ಟು, ಶೂಗೆ ಬೂಸ್ಟು ಹಿಡಿಯುವ ಮನೆಯಲ್ಲಿ ಮದರ್‌ಬೋರ್ಡ್ ಏನು ಮಹಾ? ಆದರೆ ಅದೇ ಗಾಳಿ ಕ್ಯಾಬಿನೆಟ್ ಒಳಗೆ 32ಕ್ಕೆ ಬಿಸಿಯಾದರೆ ತೇವಾಂಶ ಅರ್ಧಕ್ಕೆ ಇಳಿಯುತ್ತದೆ. ಒಲೆಯ ಮೇಲಿನ ಅಟ್ಟದಲ್ಲಿ ಸೌದೆ ಒಣಗುವುದೂ ಹೀಗೇ. ಹಾಗಾಗಿ ಮಳೆಗಾಲದಲ್ಲಿ ಗೇಮ್ ಆಡದಿದ್ದರೂ ದಿನಾ ಅರ್ಧ ಗಂಟೆ ಆನ್ ಮಾಡು ಅಂದೆ. ಹುಡುಗನಿಗೆ ಇದಕ್ಕಿಂತ ಒಳ್ಳೇ ಸಲಹೆ ಬೇಕಾ!

ಯುಪಿಎಸ್ ಮಾತ್ರ ದೊಡ್ಡದೇ ಬೇಕು. ಸಾಮಾನ್ಯ 600 ವಿಎ ಡಬ್ಬಿ ಕೊಡುವುದು 360 ವಾಟ್ ಆಸುಪಾಸು, ಅದು ಕಾರ್ಡಿಗೇ ಸರಿಯಾಯಿತು. 1,500 ವಿಎ ತಂದೆವು. ಕರೆಂಟ್ ಹೋದರೆ ಸೇವ್ ಮಾಡಿ ಆಫ್ ಮಾಡುವಷ್ಟು ಹೊತ್ತು ಸಿಗುತ್ತದೆ.

ಹದಿನೈದು ದಿನ ಬಿಟ್ಟು ಹೋದಾಗ ಕ್ಯಾಬಿನೆಟ್ ಹಿಂದೆ ಒಂದು ಪ್ಲಾಸ್ಟಿಕ್ ಕುರ್ಚಿ, ಅದರ ಬೆನ್ನಿಗೆ ಸಾಲಾಗಿ ಸಾಕ್ಸು. "ಇವನು ಆಡ್ತಿದ್ರೆ ಎರಡು ಗಂಟೇಲಿ ಒಣಗ್ತದೆ ನೋಡು" ಅಂದಳು ಅಕ್ಕ. ಕುರ್ಚಿಯನ್ನು ಒಂದಡಿ ಹಿಂದಕ್ಕೆ ಸರಿಸಿ, ಗಾಳಿಗೆ ಅಡ್ಡ ಇಡಬೇಡ ಅಕ್ಕ ಅಂದೆ.