ಎರಡನೇ ಸಿಮ್ಮಿಗೆ ಯಾವತ್ತೂ ಮಲತಾಯಿ ಧೋರಣೆ

ಹತ್ತು ಸಾವಿರ ರೂಪಾಯಿ ಆಸುಪಾಸಿನ ಯಾವ ಫೋನಿನ ಡಬ್ಬಿ ನೋಡಿದರೂ ‘ಡ್ಯುಯಲ್ ಸಿಮ್’ ಎಂದು ಬರೆದಿರುತ್ತದೆ. ಎಲ್ಲದರಲ್ಲೂ ಇರುವುದನ್ನು ಮತ್ತೇನು ನೋಡುವುದು ಅಂತ ಕೊಳ್ಳುವವರು ಕ್ಯಾಮೆರಾ, ಬ್ಯಾಟರಿ ಕಡೆ ಹೋಗುತ್ತಾರೆ. ತಕರಾರು ಶುರುವಾಗುವುದು ಮನೆಗೆ ತಂದ ಮೇಲೆ. ಒಂದು ಸಿಮ್ಮಿನಲ್ಲಿ ಮಾತಾಡುತ್ತಿದ್ದಾಗ ಇನ್ನೊಂದಕ್ಕೆ ಫೋನ್ ಮಾಡಿದವರಿಗೆ ‘ಸ್ವಿಚ್ ಆಫ್’ ಎಂಬ ಉತ್ತರ. ಎರಡನೆಯದಕ್ಕೆ ಕರೆ ಬಂದರೆ ಮೊದಲನೆಯದರ ಇಂಟರ್ನೆಟ್ ಬಂದ್. ಮೆಮೊರಿ ಕಾರ್ಡ್ ಹಾಕೋಣವೆಂದರೆ ಒಂದು ಸಿಮ್ ಕೀಳಬೇಕು. ಅಂಗಡಿಯವರು ಸುಳ್ಳು ಹೇಳಿರುವುದಿಲ್ಲ. ‘ಎರಡು ಸಿಮ್’ ಎಂಬ ಮಾತಿನ ಅರ್ಥವೇ ಇಪ್ಪತ್ತು ವರ್ಷಗಳಲ್ಲಿ ನಾಲ್ಕೈದು ಸಲ ಬದಲಾಗಿದೆ. ಪ್ರತಿ ಸಲವೂ ಎರಡನೇ ಸ್ಲಾಟಿನ ಪಾಲಿಗೆ ಬಂದದ್ದು ಮೊದಲನೆಯದು ಉಂಡು ಬಿಟ್ಟದ್ದೇ.

ಒಬ್ಬರಿಗೆ ಎರಡು ಸಿಮ್ ಯಾಕೆ ಬೇಕಾಯಿತು ಎಂಬುದರ ಉತ್ತರ ಕರ್ನಾಟಕ–ಕೇರಳ ಗಡಿಯ ತಲಪಾಡಿಯಲ್ಲಿದೆ. ದೂರಸಂಪರ್ಕ ಇಲಾಖೆ ದೇಶವನ್ನು 22 ಸರ್ಕಲ್‌ಗಳಾಗಿ ಹಂಚಿತ್ತು. ಕರ್ನಾಟಕ ಒಂದು ಸರ್ಕಲ್, ಕೇರಳ ಇನ್ನೊಂದು. ಕಾಸರಗೋಡಿನಿಂದ ದಿನಾ ಮಂಗಳೂರಿಗೆ ಕೆಲಸಕ್ಕೋ ಕಾಲೇಜಿಗೋ ಬರುವವರ ಫೋನು ತಲಪಾಡಿ ದಾಟಿದ ಕೂಡಲೇ ರೋಮಿಂಗ್. ಅತ್ತಿಬೆಲೆ ದಾಟಿ ಹೊಸೂರಿಗೆ ಹೋಗುವವರದ್ದೂ ಅದೇ ಪಾಡು. 2003ರ ಮೇ 1ರಿಂದ ಒಳಬರುವ ಕರೆ ಉಚಿತವಾಗಿತ್ತು ನಿಜ, ಆದರೆ ಸ್ವಂತ ಸರ್ಕಲ್‌ನಲ್ಲಿ ಮಾತ್ರ. 2007ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್ ರೋಮಿಂಗ್ ದರಕ್ಕೆ ಮಿತಿ ಹಾಕಿದಾಗಲೂ, ಬಂದ ಕರೆ ಎತ್ತಿದ್ದಕ್ಕೇ ನಿಮಿಷಕ್ಕೆ 1 ರೂಪಾಯಿ 75 ಪೈಸೆವರೆಗೆ ತೆರಬೇಕಿತ್ತು. ಮಿಸ್ಡ್ ಕಾಲ್ ಒಂದು ಭಾಷೆಯೇ ಆಗಿ ಬೆಳೆದದ್ದು ಸುಮ್ಮನೆ ಅಲ್ಲ. ಜೇಬಿನಲ್ಲಿ ಎರಡು ರಾಜ್ಯದ ಎರಡು ಸಿಮ್ ಇಟ್ಟುಕೊಂಡು, ಗಡಿ ದಾಟಿದ ಮೇಲೆ ಬ್ಯಾಟರಿ ಬಿಚ್ಚಿ ಬದಲಾಯಿಸುವುದು ಅಲ್ಲಿಯ ಬಸ್ಸುಗಳಲ್ಲಿ ಮಾಮೂಲಾಗಿತ್ತು.

ಗಡಿಯಿಂದ ದೂರ ಇದ್ದವರಿಗೆ ಬೇರೆ ಲೆಕ್ಕವಿತ್ತು. ಒಂದು ಕಂಪನಿಯ ಕರೆ ಇನ್ನೊಂದರ ಜಾಲಕ್ಕೆ ಹೋದರೆ, ಕರೆ ಕಳಿಸಿದ ಕಂಪನಿ ನಿಮಿಷಕ್ಕೆ 30 ಪೈಸೆ ಆ ಇನ್ನೊಂದಕ್ಕೆ ಕೊಡಬೇಕಿತ್ತು; 2009ರ ಏಪ್ರಿಲ್‌ನಿಂದ 20 ಪೈಸೆ. ತನ್ನದೇ ಜಾಲದೊಳಗಿನ ಕರೆಗೆ ಈ ಖರ್ಚಿಲ್ಲ. ಹಾಗಾಗಿ ‘ನಮ್ಮಿಂದ ನಮಗೆ’ ಕರೆ ಅಗ್ಗ. ಮನೆಯವರದ್ದು ಒಂದು ಕಂಪನಿ, ಆಫೀಸಿನವರದ್ದು ಇನ್ನೊಂದಾದರೆ ಎರಡು ಸಿಮ್ ಇಟ್ಟುಕೊಂಡವನೇ ಜಾಣ. 2009ರಲ್ಲಿ ಟಾಟಾ ಡೊಕೊಮೊ ಸೆಕೆಂಡಿಗೆ 1 ಪೈಸೆ ಎಂದು ಬಂದಿತು. ಹಳೇ ನಂಬರ್ ಬಿಡಲಾರದೆ, ಹೊಸ ದರವನ್ನೂ ಬಿಡಲಾರದೆ ಎಷ್ಟೋ ಜನ ಇನ್ನೊಂದು ಸಿಮ್ ತೆಗೆದುಕೊಂಡರು. ನಂಬರ್ ಉಳಿಸಿಕೊಂಡೇ ಕಂಪನಿ ಬದಲಿಸುವ ಸೌಲಭ್ಯ ದೇಶಕ್ಕೆಲ್ಲ ಸಿಕ್ಕಿದ್ದು 2011ರ ಜನವರಿ 20ರಂದು. ಅಷ್ಟರಲ್ಲಿ ಎರಡು ಸಿಮ್ಮಿನ ಅಭ್ಯಾಸ ಬೇರು ಬಿಟ್ಟಾಗಿತ್ತು.

ಎರಡು ಸಿಮ್ಮಿನ ಫೋನು ನಮ್ಮವರ ಕಲ್ಪನೆಯೇನಲ್ಲ. ಫಿನ್ಲೆಂಡಿನ ಬೆನೆಫೋನ್ ಕಂಪನಿ 2000ದಲ್ಲೇ ‘ಟ್ವಿನ್’ ಎಂಬ ಸೆಟ್ ತಂದಿತ್ತು. ಅದನ್ನು ಕೂಲಿಯವರ ಕೈಗೆ ಎಟುಕುವಂತೆ ಮಾಡಿದ್ದು ತೈವಾನಿನ ಮೀಡಿಯಾಟೆಕ್ ಚಿಪ್. ಚಿಪ್ಪಿನ ಜೊತೆಗೇ ಸಾಫ್ಟ್‌ವೇರೂ ಬೋರ್ಡಿನ ನಕ್ಷೆಯೂ ಸಿದ್ಧವಾಗಿ ಬರುತ್ತಿದ್ದುದರಿಂದ ಶೆನ್ಝೆನ್‌ನ ಯಾವ ಸಣ್ಣ ಕಾರ್ಖಾನೆಯೂ ಫೋನ್ ಮಾಡಬಹುದಾಯಿತು. ನಾವು ‘ಚೈನಾ ಸೆಟ್’ ಎಂದು ಕರೆದದ್ದು ಇವನ್ನೇ: ಎರಡು ಸಿಮ್, ಕಿವಿ ತೂತಾಗುವಷ್ಟು ಜೋರಿನ ಸ್ಪೀಕರ್, ಕೆಲವಕ್ಕೆ ಟಿವಿ ಆಂಟೆನಾ. ಎಷ್ಟೋ ಸೆಟ್ಟುಗಳಿಗೆ ಸರಿಯಾದ ಐಎಂಇಐ, ಅಂದರೆ ಸೆಟ್ಟಿನ ಗುರುತಿನ ಸಂಖ್ಯೆಯೇ ಇರಲಿಲ್ಲ. ಭದ್ರತೆಯ ಕಾರಣ ಕೊಟ್ಟು ಸರ್ಕಾರ 2009ರ ನವೆಂಬರ್ 30ರ ಮಧ್ಯರಾತ್ರಿಯಿಂದ ಅಂಥವುಗಳ ಸಂಪರ್ಕ ಕಡಿಸಿತು. ಆ ಜಾಗಕ್ಕೆ ಮೈಕ್ರೋಮ್ಯಾಕ್ಸ್, ಕಾರ್ಬನ್, ಲಾವಾ, ಸ್ಪೈಸ್ ಬಂದವು. ಕಾರ್ಬನ್‌ನಲ್ಲಿ ಬೆಂಗಳೂರಿನ ಯುಟಿಎಲ್ ಸಮೂಹದ ಪಾಲಿತ್ತು.

ನೋಕಿಯಾ ಮಾತ್ರ ಬಹಳ ಕಾಲ ಇದನ್ನು ಕಣ್ಣೆತ್ತಿಯೂ ನೋಡಲಿಲ್ಲ. 2010ರಲ್ಲಿ ತಂದ ಸಿ1-00 ಸೆಟ್ಟಿನಲ್ಲಿ ಎರಡು ಸಿಮ್ ಇದ್ದವು, ಆದರೆ ಒಮ್ಮೆಗೆ ಜೀವ ಒಂದಕ್ಕೇ. ಒಂದು ಕೀಲಿ ಒತ್ತಿ ಹಿಡಿದು ಬದಲಿಸಬೇಕಿತ್ತು. ಎರಡೂ ಒಟ್ಟಿಗೆ ಎಚ್ಚರವಿರುವ ಸಿ2-00 ಬಂದದ್ದು 2011ರಲ್ಲಿ. ಆ ಹೊತ್ತಿಗೆ ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳ ಗಾಜಿನ ಪೆಟ್ಟಿಗೆಗಳಲ್ಲಿ ಬೇರೆಯವರ ಸೆಟ್ಟುಗಳು ತುಂಬಿದ್ದವು.

‘ಎರಡೂ ಎಚ್ಚರ’ ಎಂಬುದರೊಳಗೆ ಒಂದು ಚಾಲಾಕಿ ಇದೆ, ಇವತ್ತಿನ ಅಗ್ಗದ ಫೋನಿನಲ್ಲೂ ಬಹುಮಟ್ಟಿಗೆ ಅದೇ ನಡೆಯುತ್ತದೆ. ಒಳಗಿರುವುದು ಒಂದೇ ರೇಡಿಯೊ. ಒಬ್ಬನೇ ಗುಮಾಸ್ತ ಎರಡು ಕೌಂಟರ್ ನೋಡಿಕೊಳ್ಳುವ ಹಾಗೆ, ಅದು ಸರದಿಯ ಮೇಲೆ ಎರಡೂ ಟವರ್‌ಗಳ ಕೂಗಿಗೆ ಕಿವಿ ಕೊಡುತ್ತದೆ. ಈ ಕಿವಿಗೊಡುವ ಕೆಲಸ ಕ್ಷಣಾರ್ಧದ್ದು, ಹಾಗಾಗಿ ಎರಡಕ್ಕೂ ಕರೆ ಬರುತ್ತದೆ. ಒಂದು ಕೌಂಟರಿನಲ್ಲಿ ಮಾತು ಶುರುವಾಯಿತೋ, ಇನ್ನೊಂದರ ಮುಂದೆ ಯಾರೂ ಇಲ್ಲ. ಇದನ್ನು ‘ಡ್ಯುಯಲ್ ಸ್ಟ್ಯಾಂಡ್‌ಬೈ’ ಎನ್ನುತ್ತಾರೆ. ಮಾತಿನ ನಡುವೆಯೂ ಎರಡೂ ಸಿಮ್ ಬದುಕಿರುವ ‘ಡ್ಯುಯಲ್ ಆ್ಯಕ್ಟಿವ್’ ಬಗೆಯೂ ಇದೆ. ಅಗ್ಗದ ಸೆಟ್ಟುಗಳಲ್ಲಿ ಅಪರೂಪ. ಡಬ್ಬಿಯ ಮೇಲೆ ಎರಡಕ್ಕೂ ಬರೆಯುವುದು ‘ಡ್ಯುಯಲ್ ಸಿಮ್’ ಎಂದೇ.

ಸ್ಮಾರ್ಟ್‌ಫೋನ್ ಬಂದ ಮೇಲೆ ತಾರತಮ್ಯ ಇನ್ನೂ ಎದ್ದು ಕಂಡಿತು. ಮೊದಲ ಸ್ಲಾಟಿಗೆ 3ಜಿ, ಆಮೇಲೆ 4ಜಿ; ಎರಡನೆಯದಕ್ಕೆ ಬರೀ 2ಜಿ. ಮಾತಿಗೆ 2ಜಿ ಸಾಕಿದ್ದ ಕಾಲದಲ್ಲಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. 2016ರ ಸೆಪ್ಟೆಂಬರ್ 5ರಂದು ಜಿಯೋ ಶುರುವಾಯಿತು. ಅದಕ್ಕೆ 2ಜಿಯೂ ಇಲ್ಲ, 3ಜಿಯೂ ಇಲ್ಲ. ಮಾತೂ 4ಜಿಯಲ್ಲೇ, ಅಂದರೆ ವೋಲ್ಟಿಯಲ್ಲೇ. ಎರಡನೇ ಸ್ಲಾಟಿಗೆ ಜಿಯೋ ಹಾಕಿದವರಿಗೆ ಸಿಗ್ನಲ್ ಕಡ್ಡಿ ಒಂದೂ ಕಾಣಲಿಲ್ಲ. ಮೊದಲನೆಯದಕ್ಕೆ ಹಾಕಿದರೆ ಹಳೇ ಸಿಮ್ ಎರಡನೆಯದಕ್ಕೆ ಹೋಗಿ 2ಜಿಗೆ ಇಳಿಯಿತು. 4ಜಿ ಇದ್ದೂ ವೋಲ್ಟಿ ಇಲ್ಲದ ಸೆಟ್ಟಿನವರು ಕರೆ ಮಾಡಲು ಬೇರೆ ಆ್ಯಪ್ ಹಾಕಿಕೊಂಡರು. ಎರಡೂ ಸ್ಲಾಟಿನಲ್ಲಿ ಏಕಕಾಲಕ್ಕೆ 4ಜಿ ವೋಲ್ಟಿ ಇರುವ ಫೋನುಗಳು ಅಗ್ಗದ ಸಾಲಿಗೆ ಇಳಿದದ್ದು ಇದಾದ ಒಂದೆರಡು ವರ್ಷಕ್ಕೆ. ಈಗಲೂ ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಆ ಕಾಲದ ಸೆಟ್ ಸಿಕ್ಕಿದರೆ ಇದನ್ನೇ ಮೊದಲು ನೋಡಬೇಕು.

ಇದೇ ಹೊತ್ತಿನ ಇನ್ನೊಂದು ಜಿಪುಣತನ ಹೈಬ್ರಿಡ್ ಟ್ರೇ. ಒಂದು ಗೂಡಿನಲ್ಲಿ ಸಿಮ್, ಇನ್ನೊಂದರಲ್ಲಿ ಸಿಮ್ ಅಥವಾ ಮೆಮೊರಿ ಕಾರ್ಡ್. 16 ಜಿಬಿ ಸ್ಟೋರೇಜಿನ ಸೆಟ್ಟಿನಲ್ಲಿ ಇದು ಹೊಟ್ಟೆಗೆ ಹೊಡೆದಂತೆಯೇ. ಜನ ಒಂದು ಉಪಾಯ ಹೂಡಿದರು. ಸಿಮ್ಮಿನ ಹಿಂಬದಿಯ ಪ್ಲಾಸ್ಟಿಕ್ಕನ್ನು ಬಿಸಿ ಮಾಡಿ, ಹೊನ್ನಿನ ಬಣ್ಣದ ತಗಡನ್ನು ಮಾತ್ರ ಸುಲಿದು, ಮೆಮೊರಿ ಕಾರ್ಡಿನ ಬೆನ್ನಿಗೆ ಅಂಟಿಸಿ ಎರಡನ್ನೂ ಒಂದೇ ಗೂಡಿಗೆ ತೂರಿಸುವುದು. ಕೆಲಸ ಮಾಡುತ್ತಿತ್ತು, ಕೆಲವು ದಿನ. ದಪ್ಪ ಹೆಚ್ಚಾಗಿ ಟ್ರೇ ಒಳಗೇ ಕಚ್ಚಿಕೊಂಡಾಗ ಎಳೆದರೆ ಸಂಪರ್ಕದ ಪಿನ್ನುಗಳು ಮಡಚಿಕೊಂಡು ಬರುತ್ತಿದ್ದವು. ಸಿಮ್ ಕತ್ತರಿಸಿಕೊಂಡವರ ಗೋಳೂ ಹೀಗೇ. 25×15 ಮಿಲಿಮೀಟರಿನ ಹಳೇ ಸಿಮ್ಮನ್ನು ಕಟರ್‌ನಲ್ಲಿ 12.3×8.8ರ ನ್ಯಾನೊ ಮಾಡಿದರೂ ದಪ್ಪ ಕಡಿಮೆಯಾಗುವುದಿಲ್ಲ: ಹಳೆಯದು 0.76, ನ್ಯಾನೊ 0.67 ಮಿಲಿಮೀಟರ್. ಬೆರಳಿಗೆ ತಿಳಿಯದ ಈ ವ್ಯತ್ಯಾಸಕ್ಕೆ ಟ್ರೇ ಸಿಕ್ಕಿಬೀಳುತ್ತದೆ. ಕತ್ತರಿಸಿದ ಸಿಮ್ ಇನ್ನೂ ಬಳಸುತ್ತಿದ್ದರೆ ಹೊಸ ಫೋನಿಗೆ ಹಾಕುವ ಮೊದಲು ಆ ಕಂಪನಿಯ ಅಂಗಡಿಯಲ್ಲಿ ಬದಲಾಯಿಸಿಕೊಳ್ಳಿ.

ರೋಮಿಂಗ್ ಹೋಯಿತು, ಮಾತಿನ ದರವೂ ಹೋಯಿತು, ಆದರೂ ಎರಡನೇ ಸಿಮ್ ಯಾಕೆ ಉಳಿಯಿತು? ಅದು ಬ್ಯಾಂಕಿನ ನಂಬರ್ ಆಗಿಬಿಟ್ಟಿತ್ತು. ಆಧಾರ್, ಗ್ಯಾಸ್, ಪಾಸ್‌ಬುಕ್ಕು ಎಲ್ಲಕ್ಕೂ ಕೊಟ್ಟದ್ದು ಅದೇ. ಕಂಪನಿಗಳಿಗೆ ಇದು ಗೊತ್ತಿತ್ತು. ಕರೆನ್ಸಿ ಹಾಕಿಸದೆ ಬರೀ ಒಳಕರೆಗೆ ಇಟ್ಟುಕೊಳ್ಳುವವರ ಮೇಲೆ 2018ರ ಕೊನೆಯಲ್ಲಿ 28 ದಿನಕ್ಕೆ 35 ರೂಪಾಯಿಯ ಕಡ್ಡಾಯ ರೀಚಾರ್ಜ್ ಬಂತು. 2024ರ ಜುಲೈ ಏರಿಕೆಯ ನಂತರ ಏರ್‌ಟೆಲ್‌ನ 28 ದಿನದ ಆರಂಭಿಕ ಅನ್‌ಲಿಮಿಟೆಡ್ ಪ್ಯಾಕೇ 199 ರೂಪಾಯಿ ಆಯಿತು. ಬರೀ ಓಟಿಪಿ ಬರಲಿ ಎಂದು ಇಟ್ಟುಕೊಂಡವನಿಗೂ ಡೇಟಾ ಸೇರಿಸಿ ಮಾರುತ್ತಿದ್ದರು. 2024ರ ಡಿಸೆಂಬರಿನಲ್ಲಿ ಟ್ರಾಯ್ ನಿಯಮ ತಿದ್ದಿ, ಮಾತು ಮತ್ತು ಎಸ್ಸೆಮ್ಮೆಸ್ ಮಾತ್ರ ಇರುವ ವೋಚರ್ ಕೊಡಲೇಬೇಕು, ಅವಧಿ 365 ದಿನದವರೆಗೂ ಇರಬಹುದು ಎಂದಿತು. ಎರಡನೇ ಸಿಮ್ ಜೀವಂತ ಇಡಲು ಇದನ್ನು ಕೇಳಿ ಪಡೆಯಿರಿ. ಅಂಗಡಿಯವರು ತಾವಾಗಿ ಹೇಳುವುದು ಕಡಿಮೆ. ಸಿಮ್ಮಿನಿಂದ ಹೊರಹೋಗುವ ಎಸ್ಸೆಮ್ಮೆಸ್ ಬೇಕೇ ಬೇಕು ಎಂಬುದೂ ನೆನಪಿರಲಿ. ಯುಪಿಐ ಆ್ಯಪ್ ನೋಂದಣಿಯಾಗುವಾಗ ಬ್ಯಾಂಕಿಗೆ ಕೊಟ್ಟ ನಂಬರಿನಿಂದಲೇ ಒಂದು ಸಂದೇಶ ತಾನಾಗಿ ಕಳಿಸುತ್ತದೆ. ಆ ಸಿಮ್ಮಿನ ಪ್ಯಾಕ್ ಮುಗಿದಿದ್ದರೆ, ಅಥವಾ ಆ್ಯಪ್ ಕೇಳಿದಾಗ ಇನ್ನೊಂದು ಸಿಮ್ ಆರಿಸಿದರೆ ‘ವೆರಿಫಿಕೇಶನ್ ಫೇಲ್’. ಹೊಸ ಫೋನ್ ತಂದ ದಿನ ಅತಿ ಹೆಚ್ಚು ಜನ ಎಡವುವುದು ಇಲ್ಲೇ.

ಎರಡನೇ ಸಿಮ್ಮಿನ ಇನ್ನೊಂದು ಕಾರಣ ಮಲೆನಾಡಿನವರಿಗೆ ಹೇಳಿಕೊಡಬೇಕಾಗಿಲ್ಲ. ಪೇಟೆಯಲ್ಲಿ ಖಾಸಗಿ ಕಂಪನಿ, ಮನೆ ಹತ್ತಿರ ಬಿಎಸ್‌ಎನ್‌ಎಲ್ ಟವರ್ ಮಾತ್ರ. ಬಿಎಸ್‌ಎನ್‌ಎಲ್‌ನ ದೇಶೀ 4ಜಿಗೆ 2025ರ ಸೆಪ್ಟೆಂಬರ್ 27ರಂದು ಅಧಿಕೃತ ಚಾಲನೆ ಸಿಕ್ಕಿತು. ಟವರಿನ ರೇಡಿಯೊ ಉಪಕರಣ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್‌ನದು. ಅದು ನಡೆಯುವುದು 700 ಮತ್ತು 2100 ಮೆಗಾಹರ್ಟ್ಸ್‌ನಲ್ಲಿ. ಗುಡ್ಡ, ಮರ ದಾಟಿ ದೂರ ತಲುಪುವುದು 700. ಫೋನಿನ ವಿವರದಲ್ಲಿ ಇದು ಬ್ಯಾಂಡ್ 28. ಇಲ್ಲೇ ಕೊಕ್ಕೆ ಇರುವುದು. ಜಿಯೋ 4ಜಿಗೆ ಬ್ಯಾಂಡ್ 3, 5, 40 ಸಾಕು, ಏರ್‌ಟೆಲ್‌ಗೆ 1, 3, 8, 40 ಸಾಕು. ಹಾಗಾಗಿ ಭಾರತಕ್ಕೆಂದು ಮಾಡಿದ ಎಷ್ಟೋ ಅಗ್ಗದ 4ಜಿ ಸೆಟ್ಟುಗಳಲ್ಲಿ 28ನ್ನು ಬಿಟ್ಟೇಬಿಟ್ಟಿದ್ದರು. ತಯಾರಕರ ಜಾಲತಾಣದಲ್ಲಿ ಆ ಮಾಡೆಲ್ಲಿನ ‘ನೆಟ್‌ವರ್ಕ್’ ಸಾಲು ತೆಗೆದು ‘ಬಿ28’ ಇದೆಯೇ ಎಂದು ಕಣ್ಣಾರೆ ನೋಡಬೇಕು. 5ಜಿ ಪಟ್ಟಿಯಲ್ಲಿರುವ ‘ಎನ್28’ ಬೇರೆ, 4ಜಿ ಪಟ್ಟಿಯ ‘ಬಿ28’ ಬೇರೆ. ಒಂದಿದ್ದ ಮಾತ್ರಕ್ಕೆ ಇನ್ನೊಂದಿರುತ್ತದೆ ಎಂದು ನಂಬಬೇಡಿ.

5ಜಿಯಲ್ಲೂ ಇಂಥದೇ ಒಂದು ಹೊಂಡ. 2022ರ ಅಕ್ಟೋಬರಿನಲ್ಲಿ ಜಿಯೋ ಪೂರ್ತಿ ಸ್ವತಂತ್ರ 5ಜಿ, ಅಂದರೆ ಎಸ್‌ಎ ಹಾಕಿತು. ಏರ್‌ಟೆಲ್ 4ಜಿಯ ಹೆಗಲ ಮೇಲೆ ಕೂರುವ ಎನ್‌ಎಸ್‌ಎಯಿಂದ ಆರಂಭಿಸಿತು. 2024ರ ನವೆಂಬರಿನಲ್ಲಿ 8,499 ರೂಪಾಯಿಗೆ ಬಂದ ರೆಡ್ಮಿ ಎ4 5ಜಿಯಲ್ಲಿ ಇದ್ದದ್ದು ಎಸ್‌ಎ ಒಂದೇ. ಅದರಲ್ಲಿ ಜಿಯೋ 5ಜಿ ಬರುತ್ತದೆ. ಏರ್‌ಟೆಲ್‌ನ ಎನ್‌ಎಸ್‌ಎ ಟವರಿನಡಿ ಅದು 4ಜಿ ಫೋನ್ ಅಷ್ಟೇ. ನಿಮ್ಮದು ಒಂದು ಜಿಯೋ, ಒಂದು ಏರ್‌ಟೆಲ್ ಆಗಿದ್ದರೆ ‘ಎಸ್‌ಎ/ಎನ್‌ಎಸ್‌ಎ’ ಎರಡೂ ಬರೆದಿರುವ ಸೆಟ್ಟೇ ಬೇಕು.

ಅಂಗಡಿಯಲ್ಲಿ ಡೆಮೊ ಸೆಟ್ ಸಿಕ್ಕರೆ ಹತ್ತು ನಿಮಿಷದ ಕೆಲಸವಿದೆ. ಟ್ರೇ ಎಳೆದು ಗೂಡು ಎಣಿಸಿ: ಮೂರಿದ್ದರೆ ಎರಡು ಸಿಮ್ಮಿನ ಜೊತೆ ಕಾರ್ಡೂ ಹಿಡಿಯುತ್ತದೆ, ಎರಡಿದ್ದರೆ ಹೈಬ್ರಿಡ್, ಇಲ್ಲವೇ ಕಾರ್ಡಿಗೆ ಜಾಗವೇ ಇಲ್ಲ. ನಿಮ್ಮ ಎರಡೂ ಸಿಮ್ ಹಾಕಿ ಎರಡರ ಮುಂದೂ ವೋಲ್ಟಿ ಗುರುತು ಬರುವುದನ್ನು ಕಾಯಿರಿ. ಬಾರದಿದ್ದರೆ ಸೆಟ್ಟಿಂಗ್ಸ್‌ನ ಸಿಮ್ ಪುಟದಲ್ಲಿ ಅದು ಆಫ್ ಆಗಿದೆಯೇ ನೋಡಿ. ಮೊದಲ ಸಿಮ್ಮಿನ ಡೇಟಾದಲ್ಲಿ ವಿಡಿಯೊ ಓಡಿಸಿಟ್ಟು, ಎರಡನೆಯದಕ್ಕೆ ಬೇರೆ ಫೋನಿಂದ ಕರೆ ಮಾಡಿಸಿ ಎತ್ತಿ. ವಿಡಿಯೊ ನಿಂತರೆ ನಿಮಗೆ ಸಿಗುತ್ತಿರುವುದು ಒಂದೇ ರೇಡಿಯೊದ ಫೋನು. ಕರೆ ನಡೆಯುವಾಗ ಡೇಟಾ ತಾನೇ ಇನ್ನೊಂದು ಸಿಮ್ಮಿಗೆ ಜಿಗಿಯುವ ಆಯ್ಕೆ ಕೆಲವದರಲ್ಲಿದೆ. ಆದರೆ ಆ ಸಿಮ್ಮಿನಲ್ಲೂ ಡೇಟಾ ಪ್ಯಾಕ್ ಇರಬೇಕು, ಓಟಿಪಿಗೆಂದು ಇಟ್ಟ ಸಿಮ್ಮಿನಲ್ಲಿ ಅದಿರುವುದಿಲ್ಲ.

ಕರೆ ತಪ್ಪಬಾರದು ಎನ್ನುವ ವ್ಯಾಪಾರದವರಿಗೆ ಹಳೆಯದೊಂದು ದಾರಿಯಿದೆ. ಎರಡೂ ಸಿಮ್ಮಿನಲ್ಲಿ ಕಾಲ್ ಫಾರ್ವರ್ಡಿಂಗ್‌ನ ‘ಸಂಪರ್ಕಕ್ಕೆ ಸಿಗದಿದ್ದಾಗ’ ಎಂಬ ಸಾಲಿಗೆ ಪರಸ್ಪರರ ನಂಬರ್ ಕೊಡುವುದು. ಒಂದರಲ್ಲಿ ಮಾತಾಡುತ್ತಿದ್ದಾಗ ಇನ್ನೊಂದಕ್ಕೆ ಬಂದ ಕರೆ ಇಲ್ಲಿಗೇ ತಿರುಗಿ ಕಾಲ್ ವೇಟಿಂಗ್ ಆಗಿ ಕೇಳಿಸುತ್ತದೆ. ನಿಮ್ಮ ಕಂಪನಿ ಬಿಡುತ್ತದೆಯೇ ಎಂದು ಒಮ್ಮೆ ಪರೀಕ್ಷಿಸಿ. ವಂಚಕರ ಕಾಟಕ್ಕೆ ಯುಎಸ್‌ಎಸ್‌ಡಿ, ಅಂದರೆ * ಮತ್ತು # ಸೇರಿದ ಕೋಡ್ ಒತ್ತಿ ಮಾಡುವ ಫಾರ್ವರ್ಡಿಂಗನ್ನು 2024ರ ಏಪ್ರಿಲ್ 15ರಿಂದ ನಿಲ್ಲಿಸುವಂತೆ ದೂರಸಂಪರ್ಕ ಇಲಾಖೆ ಆದೇಶಿಸಿತ್ತು.

ಕೊನೆಗೆ *#06# ಒತ್ತಿ. ಎರಡು ಸ್ಲಾಟಿಗೆ ಎರಡು ಐಎಂಇಐ, ತಲಾ 15 ಅಂಕಿ, ಡಬ್ಬಿಯ ಚೀಟಿಗೆ ಹೊಂದಬೇಕು. ಸೆಕೆಂಡ್ ಹ್ಯಾಂಡ್ ಆದರೆ ಕೆವೈಎಂ ಎಂಬ ಮೂರು ಇಂಗ್ಲಿಷ್ ಅಕ್ಷರ, ಒಂದು ಜಾಗ ಬಿಟ್ಟು ಐಎಂಇಐ ಬರೆದು 14422ಕ್ಕೆ ಎಸ್ಸೆಮ್ಮೆಸ್ ಕಳಿಸಿ. ಎರಡಕ್ಕೂ ಬೇರೆ ಬೇರೆಯಾಗಿ. ಬ್ಲ್ಯಾಕ್‌ಲಿಸ್ಟ್ ಅಥವಾ ಡುಪ್ಲಿಕೇಟ್ ಎಂದು ಉತ್ತರ ಬಂದರೆ ಫೋನ್ ಮುಟ್ಟಬೇಡಿ. ಬಿಲ್ಲಿನಲ್ಲಿ ಅಂಗಡಿಯವರು ಸಾಮಾನ್ಯವಾಗಿ ಒಂದೇ ಐಎಂಇಐ ಬರೆಯುತ್ತಾರೆ, ಇನ್ನೊಂದನ್ನೂ ಬರೆಸಿಕೊಳ್ಳಿ. ಫೋನ್ ಕಳೆದಾಗ ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ಎರಡನ್ನೂ ಕೊಟ್ಟು ಬ್ಲಾಕ್ ಮಾಡಿಸಬೇಕಾಗುತ್ತದೆ. ಒಂದೇ ಕೊಟ್ಟರೆ, ಕದ್ದವನಿಗೆ ಇನ್ನೊಂದು ಸ್ಲಾಟ್ ತೆರೆದೇ ಇರುತ್ತದೆ.